ತಲೆ ಎತ್ತಿ ನೋಡುವವರು ಬೇಕಾಗಿದ್ದಾರೆ

ಮೈಸೂರಿನ ನಮ್ಮ ಬಡಾವಣೆಯ ಮೊಬೈಲ್ ಟವರ್ ತುದಿಯ ಕೆಂಪು ದೀಪ ಕೊನೆಗೂ ಹತ್ತಿಕೊಂಡಿತು. ಬೆಳಗ್ಗೆ ಹನ್ನೊಂದು ಗಂಟೆಗೆ. ಬಟ್ಟೆ ಒಣಹಾಕಲು ಟೆರೇಸಿಗೆ ಹೋದ ಹೆಂಡತಿ "ರೀ, ನಿಮ್ಮ ದೀಪ ಬಂತು ನೋಡಿ" ಎಂದು ಮೇಲಿನಿಂದಲೇ ಕೂಗಿದಳು. ಹೋಗಿ ನೋಡಿದರೆ ಹೌದು, ಸುಡುಬಿಸಿಲಲ್ಲಿ ಹಪ್ಪಳದ ಮೇಲಿನ ಮೆಣಸಿನಕಾಯಿ ಚೂರಿನ ಹಾಗೆ ಉರಿಯುತ್ತಿದೆ. ಸಂಜೆ ಆರೂವರೆಗೆ, ಕತ್ತಲಾಗುತ್ತಿದ್ದಂತೆ, ಶಿಸ್ತಾಗಿ ಆರಿಹೋಯಿತು.

ದೂರಬಾರದು. ಏಳು ತಿಂಗಳಿಂದ ಅದು ಹಗಲೂ ಉರಿಯುತ್ತಿರಲಿಲ್ಲ, ರಾತ್ರಿಯೂ ಉರಿಯುತ್ತಿರಲಿಲ್ಲ. ಈಗ ಅರ್ಧ ಕೆಲಸ ಆಗಿದೆ. ನಮ್ಮಲ್ಲಿ ಅರ್ಧ ಕೆಲಸ ಆಯಿತೆಂದರೆ ಉದ್ಘಾಟನೆಯನ್ನೇ ಇಟ್ಟುಕೊಳ್ಳಬಹುದು.

ಟವರ್ ಹುಡುಗರು ಅದನ್ನು ಏವಿಯೇಷನ್ ಲ್ಯಾಂಪ್ ಅನ್ನುತ್ತಾರೆ. ರಾತ್ರಿ ಹಾರುವವನಿಗೆ "ಇಲ್ಲೊಂದು ಕಂಬ ಇದೆಯಪ್ಪಾ, ಸ್ವಲ್ಪ ಆ ಕಡೆ ಹೋಗು" ಎಂದು ಹೇಳುವುದಷ್ಟೇ ಅದರ ಕೆಲಸ. ದೊಡ್ಡ ದೀಪವೂ ಅಲ್ಲ. 45 ಮೀಟರ್ ದಾಟಿದ ಕಂಬಕ್ಕೆ ಜೋರಾದ ದೀಪ ಬೇಕು, 150 ದಾಟಿದರೆ ಹಗಲಲ್ಲೂ ಕಣ್ಣು ಕುಕ್ಕುವಂಥದ್ದು ಬೇಕಾಗಬಹುದು. ಅದಕ್ಕಿಂತ ಕುಳ್ಳಗಿರುವ ನಮ್ಮಂಥ ಟವರ್‌ಗೆ ಸಣ್ಣ ಕೆಂಪು ದೀಪ ಸಾಕು. ಅದರಲ್ಲಿ ತೀರಾ ಚಿಕ್ಕದರ ಬೆಳಕು 10 ಕ್ಯಾಂಡೆಲಾ. ಲೆಕ್ಕಕ್ಕೆ ಹತ್ತು ಮೇಣದಬತ್ತಿ. ಮೊಮ್ಮಗನ ಹತ್ತನೇ ಬರ್ತ್‌ಡೇ ಕೇಕಿನ ಮೇಲೆ ಅಷ್ಟು ಇರುತ್ತದೆ, ಅವನು ಒಂದೇ ಉಸಿರಿಗೆ ಆರಿಸುತ್ತಾನೆ. ಹಚ್ಚುವುದಕ್ಕೆ ಮಾತ್ರ ಏಳು ತಿಂಗಳು.

ಟವರ್ ನಿಂತಿರುವುದು ಛತ್ರದ ಪಕ್ಕದ ಸೈಟಿನಲ್ಲಿ. ಮೊದಲು ಸೈಟಿನ ಯಜಮಾನರನ್ನು ಕೇಳಿದೆ. "ನನಗೆ ಬಾಡಿಗೆ ಬರುತ್ತೆ ಸ್ವಾಮಿ, ಬಲ್ಬ್ ಬರಲ್ಲ" ಅಂದರು. ನ್ಯಾಯವೇ. ಕಂಬ ಒಂದು ಕಂಪನಿಯದು, ಅದರ ಮೇಲೆ ನೇತಾಡುವ ಆಂಟೆನಾಗಳು ಮೂರು ಕಂಪನಿಗಳವು, ಡೀಸೆಲ್ ಹಾಕುವವನು ಕಂಟ್ರಾಕ್ಟರು, ಅವನ ಕೈಕೆಳಗೆ ಇನ್ನೊಬ್ಬ ಕಂಟ್ರಾಕ್ಟರು. ಮದುವೆ ಮನೆಯ ಸಾರಿಗೆ ಉಪ್ಪು ಹಾಕಿದವರು ಯಾರು ಎಂದು ಕೇಳಿದ ಹಾಗಾಯಿತು.

ಆಮೇಲೆ ಫೋನ್ ಕಂಪನಿಗೆ ಫೋನ್ ಮಾಡಿದೆ. ರೀಚಾರ್ಜಿಗೆ ಒಂದನ್ನು ಒತ್ತಿ, ಕಾಲರ್ ಟ್ಯೂನಿಗೆ ಎರಡನ್ನು ಒತ್ತಿ. ವಿಮಾನ ಡಿಕ್ಕಿ ಹೊಡೆಯದಿರಲು ಎಷ್ಟನ್ನು ಒತ್ತಬೇಕೋ ಹೇಳಲಿಲ್ಲ. ಇಪ್ಪತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು.

"ನಿಮಗೆ ನೆಟ್‌ವರ್ಕ್ ಸರಿಯಾಗಿ ಸಿಗ್ತಿದೆಯಾ ಸಾರ್?"

"ಸಿಗ್ತಿದೆಯಮ್ಮ."

"ಹಾಗಾದ್ರೆ ಕಂಪ್ಲೇಂಟ್ ಏನು ಸಾರ್?"

ಒಂದು ಸರ್ಕಾರಿ ಕಚೇರಿಗೂ ಹೋದೆ. ಅಲ್ಲಿನವರು ನನ್ನನ್ನು ಕೂರಿಸಿ, ಅರ್ಜಿ ಪೂರ್ತಿ ಓದಿ, ಕನ್ನಡಕದ ಮೇಲಿಂದ ನೋಡಿ, "ನಿಮ್ಮದು ವಿಮಾನ ಏನಾದ್ರೂ ಇದೆಯಾ?" ಎಂದು ಕೇಳಿದರು. ಇಲ್ಲ ಅಂದೆ. ಅರ್ಜಿ ವಾಪಸ್ ಕೊಟ್ಟರು.

ನಿಯಮ ಇಲ್ಲ ಅಂದುಕೊಳ್ಳಬೇಡಿ. ನಿಯಮಕ್ಕೇನು ಬರ. ಛತ್ರದ ಯಜಮಾನರು ಪಾಪ, ಒಳ್ಳೆಯ ಮನಸ್ಸಿನಿಂದ ಹಳೇ ಮದುವೆ ಆಮಂತ್ರಣಗಳ ನಡುವೆ ಇಟ್ಟಿದ್ದ ಫೈಲು ತೆಗೆದು ಟವರ್‌ನ ಎನ್‌ಒಸಿ, ಅಂದರೆ ಕಂಬ ನೆಡಲು ವಿಮಾನಯಾನದವರು ಕೊಟ್ಟ 'ಅಭ್ಯಂತರವಿಲ್ಲ' ಪತ್ರದ ಜೆರಾಕ್ಸ್ ತೋರಿಸಿದರು. ಊಟದೆಲೆಗೆ ಬಡಿಸಿದ ಹಾಗೆ ಷರತ್ತುಗಳು. ಎತ್ತರವನ್ನು ನೆಲದಿಂದ ಅಳೆದರೆ ಸಾಲದು, ಸಮುದ್ರಮಟ್ಟದಿಂದ ಹೇಳಬೇಕು. ಆ ಲೆಕ್ಕದಲ್ಲಿ ಮೈಸೂರಿನಲ್ಲಿ ಚಾಪೆ ಮೇಲೆ ಮಲಗಿದವನೂ ಏಳುನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ ಮಲಗಿರುತ್ತಾನೆ. ಇರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ಹಗಲು ಮತ್ತು ರಾತ್ರಿಯ ಗುರುತು ಇರಬೇಕು, ಜೊತೆಗೆ ಬದಲಿ ವಿದ್ಯುತ್ ವ್ಯವಸ್ಥೆ ಬೇಕು ಎಂದಿದೆ. ಹಗಲಿಗೆ ಬಣ್ಣ, ರಾತ್ರಿಗೆ ದೀಪ, ಕರೆಂಟ್ ಹೋದರೂ ಉರಿಯಬೇಕು. ಅದರ ಪಕ್ಕದಲ್ಲೇ ಇನ್ನೊಂದು ಷರತ್ತು: ಪೈಲಟ್‌ಗೆ ಗೊಂದಲವಾಗುವಂಥ ಯಾವ ದೀಪವನ್ನೂ ಹಾಕಕೂಡದು. ಕಂಪನಿಯವರು ಎರಡನೆಯದನ್ನು ನೂರಕ್ಕೆ ನೂರು ಪಾಲಿಸಿದ್ದಾರೆ. ಯಾವ ದೀಪವೂ ಇಲ್ಲ, ಯಾವ ಗೊಂದಲವೂ ಇಲ್ಲ.

ಬದಲಿ ವಿದ್ಯುತ್ತಿನ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ಇಡೀ ಬಡಾವಣೆಗೆ ಕರೆಂಟ್ ಹೋದಾಗ ಆ ಸೈಟಿನಲ್ಲಿ ಬ್ಯಾಟರಿ ಇದೆ, ಜನರೇಟರ್ ಇದೆ. ನಾವು ಬೀಸಣಿಗೆ ಹುಡುಕುತ್ತಿರುವಾಗಲೂ ರೀಲ್ಸ್ ನಿಲ್ಲುವುದಿಲ್ಲ. ದೀಪ ಮಾತ್ರ ಇಲ್ಲ.

ನಮ್ಮ ಅಜ್ಜನ ಮನೆಯಲ್ಲಿ ಕಾರ್ತಿಕ ಮಾಸಕ್ಕೆ ಆಕಾಶದೀಪ ಏರಿಸುತ್ತಿದ್ದರು. ಅಂಗಳದಲ್ಲಿ ಉದ್ದನೆಯ ಬಿದಿರಿನ ಗಳ, ತುದಿಗೆ ಸಣ್ಣ ರಾಟೆ, ಒಂದು ಹಗ್ಗ. ಸಂಜೆಯಾದರೆ ಅಜ್ಜ ಹಗ್ಗ ಸಡಿಲಿಸಿ ಗೂಡು ಇಳಿಸುತ್ತಿದ್ದರು. ಎಣ್ಣೆ ಹೊಯ್ದು, ಕರಕಲು ಬತ್ತಿ ಚಿವುಟಿ, ಮತ್ತೆ ಮೇಲಕ್ಕೆ. ಎಳೆಯುವಾಗ ರಾಟೆ ಕಿರ್ ಕಿರ್ ಅನ್ನುತ್ತಿತ್ತು, ಎಣ್ಣೆಯ ಒಂದೆರಡು ಹನಿ ನಮ್ಮ ತಲೆ ಮೇಲೂ ಬೀಳುತ್ತಿತ್ತು. ಮೇಲೆ ಓಡಾಡುವ ಪಿತೃಗಳಿಗೆ ದಾರಿ ಕಾಣಲಿ ಅಂತ ಇಷ್ಟೆಲ್ಲ. ಪಿತೃಗಳಿಗೆ ಡಿಕ್ಕಿಯ ಭಯವಿಲ್ಲ, ಇನ್ಷೂರೆನ್ಸೂ ಬೇಡ. ಆದರೂ ರಾತ್ರಿ ಊಟ ಮುಗಿಸಿ ಕೈತೊಳೆಯಲು ಹೊರಗೆ ಬಂದಾಗ ಅಜ್ಜ ಒಂದು ಸಲ ಕತ್ತೆತ್ತಿ ನೋಡುತ್ತಿದ್ದರು. ಆರಿದ್ದರೆ ಮತ್ತೆ ಇಳಿಸುತ್ತಿದ್ದರು.

ದೂರದ ಮಾತೇಕೆ, ಇಲ್ಲೇ ನಮ್ಮ ಅರಮನೆಗೆ ಒಂದು ಲಕ್ಷದ ಹತ್ತಿರ ಬಲ್ಬುಗಳಿವೆ. ಭಾನುವಾರ ಸಂಜೆ ಒಟ್ಟಿಗೆ ಹತ್ತಿಕೊಂಡಾಗ ಜನ "ಓ" ಅನ್ನುತ್ತಾರಲ್ಲ, ಆ ಸದ್ದು ಕೇಳಲೆಂದೇ ನಾನು ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿ ನಾಲ್ಕು ಬಲ್ಬು ಹೋದರೆ ಹಲ್ಲು ಬಿದ್ದ ಬಾಯಿಯ ಹಾಗೆ ಎದ್ದು ಕಾಣುತ್ತದೆ. ಕಂಡ ಮೇಲೆ ಯಾರೋ ಏಣಿ ಹಾಕಿ ಬದಲಾಯಿಸುತ್ತಾರೆ. ಲಕ್ಷ ಬಲ್ಬು ನೋಡಿಕೊಳ್ಳುವ ಊರಿಗೆ ಇನ್ನೊಂದು ಜಾಸ್ತಿ ಆಯಿತೇ? ಟವರ್ ಬಲ್ಬಿನ ಮುಂದೆ ಯಾರೂ ಸೆಲ್ಫಿ ತೆಗೆಸಿಕೊಳ್ಳುವುದಿಲ್ಲ, ಅದೇ ಅದರ ಕರ್ಮ.

ಅಮೆರಿಕದಲ್ಲಿ ಈ ಕತ್ತೆತ್ತಿ ನೋಡುವುದನ್ನೇ ಕಾನೂನು ಮಾಡಿದ್ದಾರೆ. ಅಲ್ಲಿ ಸಾಮಾನ್ಯವಾಗಿ 200 ಅಡಿ ದಾಟಿದ ಟವರ್‌ಗೆ ನೋಂದಣಿ ಬೇಕು. ದೀಪ ಇರುವ ಟವರ್‌ನ ಯಜಮಾನ 24 ಗಂಟೆಗೆ ಒಮ್ಮೆಯಾದರೂ ದೀಪ ನೋಡಬೇಕು, ಇಲ್ಲವೇ ತಾನಾಗಿ ಎಚ್ಚರಿಸುವ ಅಲಾರಾಂ ಇಡಬೇಕು. ಮಿನುಗುವ ದೀಪವೋ ತುದಿಯ ದೀಪವೋ ಕೆಟ್ಟು ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ ತಕ್ಷಣ ವಿಮಾನಯಾನದವರಿಗೆ ತಿಳಿಸಬೇಕು. ಅವರು ಪೈಲಟ್‌ಗಳಿಗೆಲ್ಲ "ಆ ಟವರ್ ಇವತ್ತು ಕುರುಡು, ಹುಷಾರು" ಎಂದು ಸೂಚನೆ ಕಳಿಸುತ್ತಾರೆ. ನಿಯಮ ಮುರಿದರೆ ದಂಡದ ಮೂಲ ಮೊತ್ತವೇ 10,000 ಡಾಲರ್. ಅಲ್ಲೂ ಮುರಿಯುವವರಿದ್ದಾರೆ, ಅದಕ್ಕೇ ದಂಡ. ಅರ್ಧ ಗಂಟೆ ಅಂದರೆ ನಾನು ಫೋನಿನಲ್ಲಿ ಸಂಗೀತ ಕೇಳಿ, ಆ ಹುಡುಗಿಗೆ ನನ್ನ ಹೆಸರು ಹೇಳಿ ಮುಗಿಸುವಷ್ಟು ಹೊತ್ತು.

ನಮ್ಮಲ್ಲಿ ಕಂಬ ನೆಡುವ ಮೊದಲು ಕಾಗದ ಕೇಳುತ್ತಾರೆ. 2015ರ ಎತ್ತರದ ನಿಯಮ ಇದೆ, ಆನ್‌ಲೈನ್ ಅರ್ಜಿ ಇದೆ, ಎಲ್ಲಿ ಎಷ್ಟು ಎತ್ತರ ಎಂದು ಬಣ್ಣ ಬಳಿದು ತೋರಿಸಿದ ನಕ್ಷೆ ಇದೆ. ಕಂಬ ನೆಟ್ಟ ಮೇಲೆ? ನಮ್ಮ ಟವರ್ ಕೆಳಗೆ ನಿಂತು ಮೇಲೆ ನೋಡಿದ ಒಬ್ಬ ಅಧಿಕಾರಿಯನ್ನೂ ನಾನು ಈ ಏಳು ತಿಂಗಳಲ್ಲಿ ಕಾಣಲಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿತ್ತು. 250ಕ್ಕೂ ಹೆಚ್ಚು ಜನ ಹೋದರು. ಆ ತಿಂಗಳು ಮುಗಿಯುವುದರೊಳಗೆ ನಿಲ್ದಾಣದ ಸುತ್ತಲಿನ ಎತ್ತರದ ಕಟ್ಟಡ, ಮರ ತೆಗೆಸುವ ಹೊಸ ಕರಡು ನಿಯಮ ಬಂತು. ಆ ವಿಮಾನ ಹಾರುವಾಗ ಯಾವ ಕಂಬಕ್ಕೂ ತಾಗಿ ಬಿದ್ದದ್ದಲ್ಲ. ಅಂಥ ನಿಯಮ 1994ರಿಂದಲೂ ಇತ್ತು. ಹೆಣ ಬಿದ್ದಾಗ ಏನಾದರೂ ಮಾಡಿದ ಹಾಗೆ ಕಾಣಬೇಕಲ್ಲ, ಕೈಗೆ ಸಿಕ್ಕ ಫೈಲು ತೆಗೆದರು, ಅಷ್ಟೇ. ಇರುವ ನಿಯಮದ ಒಂದು ಬಲ್ಬು ಉರಿಯುತ್ತಿದೆಯೋ ಇಲ್ಲವೋ ನೋಡಲು ಯಾರಿಗೂ ಪುರುಸೊತ್ತಿಲ್ಲ. ಸಾಕಾಗಿದೆ ಮಾರಾಯ್ರೇ.

ಹೋಗಲಿ. ಹಗಲು ದೀಪ ಹತ್ತಿದ ಮಾರನೆ ದಿನ ಡೀಸೆಲ್ ಹಾಕಲು ಬಂದ ಟವರ್ ಹುಡುಗನನ್ನು ಹಿಡಿದೆ. ಕಾಫಿ ಕೊಟ್ಟು ಕೂರಿಸಿದೆ.

"ಮೇಲೆ ಹೋಗಿದ್ದೋರು ಸೆನ್ಸರ್ ಉಲ್ಟಾ ಕೊಟ್ಟಿದ್ದಾರೆ ಸಾರ್. ಬೆಳಕು ಬಿದ್ರೆ ಆನ್, ಕತ್ತಲಾದ್ರೆ ಆಫ್."

"ನೀನೇ ಹತ್ತಿ ಸರಿ ಮಾಡಬಾರದೇನಪ್ಪ?"

"ನಂದು ಬರೀ ಡೀಸೆಲ್, ಬ್ಯಾಟರಿ ಸಾರ್. ಹತ್ತೋಕೆ ಬೇರೆ ಟೀಮು. ಬೆಲ್ಟ್ ಬೇಕು, ಪರ್ಮಿಟ್ ಬೇಕು."

ಆಫೀಸಿಗೆ ಹೇಳು ಅಂದೆ. ಬ್ಯಾಟರಿ ಇಳಿದರೆ, ಡೀಸೆಲ್ ಮುಗಿದರೆ, ಕೊನೆಗೆ ಯಾರಾದರೂ ಶೆಲ್ಟರ್ ಬಾಗಿಲು ತೆಗೆದರೂ ದೂರದ ಕಂಟ್ರೋಲ್ ರೂಮಿನಲ್ಲಿ ಅಲಾರಾಂ ಬಡಿಯುತ್ತದಂತೆ. ಆ ರೂಮಿಗೆ ಅವರು ಕರೆಯುವುದೂ ಎನ್‌ಒಸಿ ಅಂತಲೇ, ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್. ಅಂದರೆ ನಮ್ಮ ದೀಪವನ್ನು ಕಾಯಲು ಎರಡೆರಡು ಎನ್‌ಒಸಿ ಇವೆ. "ಲ್ಯಾಂಪಿಗೂ ಅಲಾರಾಂ ಇರುತ್ತೆ ಸಾರ್, ನಮ್ ಸೈಟಲ್ಲಿ ವೈರ್ ಕೊಟ್ಟಿಲ್ಲ" ಎಂದು ಹುಡುಗ ಲೋಟ ಕೆಳಗಿಟ್ಟು ಹೊರಟ.

ನಾನು ಇನ್ನೊಂದು ದೂರು ಬರೆಯಲು ಕೂತಿದ್ದೆ. ಹೆಂಡತಿ ಬೇಡ ಅಂದಳು. ಅವಳಿಗೀಗ ಆ ದೀಪ ಬೇಕೇ ಬೇಕು. ದಟ್ಟ ಮೋಡ ಕವಿದು ಬೆಳಕು ಇಳಿದರೆ ಸಾಕು, ಕತ್ತಲಾಯಿತು ಅಂದುಕೊಂಡು ಅದು ಪಟ್ಟನೆ ಆರುತ್ತದೆ. ಹತ್ತು ನಿಮಿಷದಲ್ಲಿ ಮಳೆ. ಅಕ್ಕಪಕ್ಕದ ಮನೆಯವರಿಗೂ ಈ ಗುಟ್ಟು ಗೊತ್ತಾಗಿದೆ. ಇದನ್ನು ಬರೆಯುತ್ತಿರುವಾಗಲೇ ಮೇಲಿನಿಂದ ಕೂಗು ಬಂತು:

"ರೀ, ದೀಪ ಆರಿತು. ಬೇಗ ಬನ್ನಿ, ಬಟ್ಟೆ ಎತ್ಕೋಬೇಕು."