ಮೊದಲ ಸೋಲೋ, ಆದರೆ ಒಂಟಿಯಲ್ಲ
ಅಮೆರಿಕದ ಗಾಯಕ ಜೇಸನ್ ಇಸ್ಬೆಲ್ ತಮ್ಮ ಹಳೇ ರಾಕ್ ಬ್ಯಾಂಡ್ ಡ್ರೈವ್-ಬೈ ಟ್ರಕ್ಕರ್ಸ್‌ನ ನಂಟು ಪೂರ್ತಿ ಕಡಿದುಕೊಂಡು 2007ರ ಮೊದಲ ಸೋಲೋ ಆಲ್ಬಂ ಮಾಡಿದರು ಅಂತ ಬರೆದಿದ್ದೀರಿ. ನನಗೆ ಇದು ಒಪ್ಪಿಗೆಯಿಲ್ಲ. ‘ಸೈರನ್ಸ್ ಆಫ್ ದ ಡಿಚ್’ ಎಂಬ ಆ ಆಲ್ಬಮ್ಮಿಗೆ ಅವರ ಜೊತೆ ನಿರ್ಮಾಪಕರಾಗಿ ಕೂತವರೇ ಡ್ರೈವ್-ಬೈ ಟ್ರಕ್ಕರ್ಸ್‌ನ ಪ್ಯಾಟರ್ಸನ್ ಹುಡ್ ಅಲ್ವಾ? ಬಾಸ್, ಡ್ರಮ್ಸ್‌ಗೂ ಅದೇ ಬ್ಯಾಂಡಿನವರು ಬಂದಿದ್ದಾರೆ. ರೆಕಾರ್ಡಿಂಗ್ ಆಗಿದ್ದು ಅಲಬಾಮಾದ ಮಸಲ್ ಶೋಲ್ಸ್‌ನ ಫೇಮ್ ಸ್ಟುಡಿಯೋದಲ್ಲಿ, ಇಸ್ಬೆಲ್ ಬೆಳೆದ ಊರಿನ ಹತ್ತಿರವೇ. ಅಲ್ಲಿನ ಹಳೇ ಕೈ ಸ್ಪೂನರ್ ಓಲ್ಡಮ್ ಕೂಡ ಕೀಬೋರ್ಡ್ ನುಡಿಸಿದ್ದಾರೆ. ಆ ಆಲ್ಬಮ್ಮಿನ ‘ಡ್ರೆಸ್ ಬ್ಲೂಸ್’ ಒಂದನ್ನೇ ಕೇಳಿ. ಇಸ್ಬೆಲ್ ಅವರ ಊರಿನ ಕಡೆಯವನೇ ಆದ, ಇರಾಕ್ ಯುದ್ಧದಲ್ಲಿ ಸತ್ತ ಸೈನಿಕ ಹುಡುಗನ ಹಾಡು ಅದು. ಅದರಲ್ಲಿ ಅವನ ಅಂತ್ಯಕ್ರಿಯೆಗೆ ಹೈಸ್ಕೂಲಿನ ಜಿಮ್ ತುಂಬಾ ಹೂವು, ಹಳೇ ಸೈನಿಕರು. ಊರವರ ನಡುವೆಯೇ ಇರುವವನಿಗೆ ಮಾತ್ರ ಇಂಥ ವಿವರ ಸಿಗುತ್ತದೆ.