ನುಕ್ತ ಇರುವ ಹೆಸರು ಮತ್ತು ಇಪ್ಪತ್ತು ವರ್ಷ ಯಾರೂ ತೆರೆಯದ ಒಂದು ಕಡತ

ಜ಼ರೀನಾ. ಈ ಹೆಸರಿನ ಮೊದಲ ಅಕ್ಷರದ ಕೆಳಗೆ ಚುಕ್ಕಿ ಇದೆ, ನೋಡಿ. ಅದಕ್ಕೆ ನುಕ್ತ ಅಂತಾರೆ. ಉರ್ದು, ಪಾರ್ಸಿ ಮೂಲದ ಹೆಸರುಗಳ ಸದ್ದು ಕನ್ನಡದಲ್ಲೂ ಸರಿಯಾಗಿ ಬರಲಿ ಅನ್ನುವವರು ಇದನ್ನು ಹಾಕಿ ಬರೆಯುತ್ತಾರೆ. ಈ ಹೆಸರನ್ನು ಒಂದು ಆಫೀಸಿನ ಡೈರೆಕ್ಟರಿಗೆ ಸೇರಿಸಿ, ಆಮೇಲೆ ಹುಡುಕಿದಿರಿ ಅಂದುಕೊಳ್ಳಿ. ಆ ಡೈರೆಕ್ಟರಿ ನಡೆಸುವ ಸರ್ವರ್ ಸ್ಟ್ಯಾಂಡರ್ಡನ್ನು, ಅಂದರೆ ಎಲ್ಲರೂ ಒಪ್ಪಿದ ತಾಂತ್ರಿಕ ನಿಯಮವನ್ನು, ಚಾಚೂ ತಪ್ಪದೆ ಪಾಲಿಸುವಂಥದ್ದಾದರೆ ಹೆಸರು ಸಿಗುವುದಿಲ್ಲ. ಹೆಸರು ಹೊಂದುತ್ತದೆ ಅಂತಲೂ ಹೇಳುವುದಿಲ್ಲ, ಹೊಂದುವುದಿಲ್ಲ ಅಂತಲೂ ಹೇಳುವುದಿಲ್ಲ. ‘ತೀರ್ಮಾನ ಆಗದು’ ಅಂತ ಬದಿಗಿಟ್ಟುಬಿಡುತ್ತದೆ.

ನಾನು ಬೆಂಗಳೂರಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುವವನು. ಹದಿನೆಂಟು ವರ್ಷಗಳಿಂದ ಎಲ್‌ಡ್ಯಾಪ್ ಜೊತೆ ಏಗುತ್ತಿದ್ದೇನೆ. ಬೆಳಿಗ್ಗೆ ಆಫೀಸಿನಲ್ಲಿ ನೀವು ಲಾಗಿನ್ ಆಗುವಾಗ, ಮೇಲ್ ಬರೆಯಲು ಸಹೋದ್ಯೋಗಿಯ ಹೆಸರು ಹುಡುಕುವಾಗ, ಹಿಂದೆ ಒಂದು ಡೈರೆಕ್ಟರಿ ಕೆಲಸ ಮಾಡುತ್ತಿರುತ್ತದೆ. ಅದರ ಜೊತೆ ಮಾತಾಡುವ ಭಾಷೆಯೇ ಎಲ್‌ಡ್ಯಾಪ್. ಇಂಥ ಡೈರೆಕ್ಟರಿ ನಡೆಸುವ ಸಾಫ್ಟ್‌ವೇರುಗಳಾದ ಆಕ್ಟಿವ್ ಡೈರೆಕ್ಟರಿಗೂ ಅದು ಗೊತ್ತು, ಓಪನ್‌ಎಲ್‌ಡ್ಯಾಪ್‌ಗೂ ಗೊತ್ತು. 1988ರಲ್ಲಿ ಟೆಲಿಫೋನ್ ಜಗತ್ತಿನವರು ಎಕ್ಸ್.500 ಅನ್ನುವ ದೊಡ್ಡ ಡೈರೆಕ್ಟರಿ ವ್ಯವಸ್ಥೆ ರೂಪಿಸಿದ್ದರು. ಅದು ಸಣ್ಣ ಕಂಪ್ಯೂಟರುಗಳಿಗೆ ತೀರಾ ಭಾರವಾಯಿತು. ಅದರ ಹಗುರ ರೂಪವಾಗಿ 1993ರಲ್ಲಿ ಎಲ್‌ಡ್ಯಾಪ್ ಬಂತು.

ಇಂಥ ಸ್ಟ್ಯಾಂಡರ್ಡುಗಳನ್ನು ಬರೆಯುವುದು ಐಇಟಿಎಫ್ ಅನ್ನುವ ಕೂಟ. ಅವರ ಕಡತಗಳಿಗೆ ಆರ್‌ಎಫ್‌ಸಿ ಅಂತ ಹೆಸರು, ಒಂದೊಂದಕ್ಕೂ ಒಂದು ನಂಬರ್. ಒಮ್ಮೆ ಪ್ರಕಟವಾದರೆ ಅದರ ಅರ್ಥ ಬದಲಾಗುವ ಹಾಗೆ ತಿದ್ದುವಂತಿಲ್ಲ. ತಪ್ಪಿದ್ದರೆ ಹೊಸದು ಬರೆದು, ಹೊಸ ನಂಬರ್ ಕೊಟ್ಟು, ಹಳೆಯದನ್ನು ಪಕ್ಕಕ್ಕಿಡಬೇಕು. ಅದಕ್ಕೇ ಪ್ರಕಟಣೆಗೆ ಮೊದಲು ನಡೆಯುವ ಓದು ಅಷ್ಟು ಮುಖ್ಯ. ಆದರೆ ಈ ಓದುವ ಕೆಲಸಕ್ಕೆ ನಮ್ಮಲ್ಲಿ ಬೆಲೆಯೇ ಇಲ್ಲ. ಕೋಡ್ ಬರೆದವನನ್ನು ಹೊಗಳುತ್ತೇವೆ. ಕರಡನ್ನು ಸಾಲು ಸಾಲಾಗಿ ಓದಿ ‘ಈ ವಾಕ್ಯಕ್ಕೆ ಎರಡು ಅರ್ಥ ಬರುತ್ತೆ’ ಅಂದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

1997ರ ಡಿಸೆಂಬರಿನಲ್ಲಿ ಎಲ್‌ಡ್ಯಾಪ್ ಮೂರನೇ ಆವೃತ್ತಿ ಬಂತು, ಆರ್‌ಎಫ್‌ಸಿ 2251. ಅದರ ಮೊದಲ ಪುಟದಲ್ಲೇ ಒಂದು ಎಚ್ಚರಿಕೆ ಇದೆ. ಡೈರೆಕ್ಟರಿಯಲ್ಲಿರುವುದನ್ನು ಬದಲಾಯಿಸಲು ಇದು ದಾರಿ ಕೊಡುತ್ತದೆ. ಆದರೆ ಬದಲಾಯಿಸಲು ಬಂದವರು ಯಾರು ಅಂತ ಖಚಿತವಾಗಿ ತಿಳಿಯುವ ಕಡ್ಡಾಯ ವಿಧಾನ ಇದರಲ್ಲಿಲ್ಲ, ಅದು ಬರುವವರೆಗೆ ಬದಲಾಯಿಸುವ ಸೌಲಭ್ಯವಿರುವ ಸಾಫ್ಟ್‌ವೇರನ್ನು ಬಳಕೆಗೆ ಬಿಡಬೇಡಿ ಅನ್ನುತ್ತದೆ ಆ ಎಚ್ಚರಿಕೆ. ತಾವೇ ಒಪ್ಪಿ ಹೊರತಂದ ಕಡತದ ನೆತ್ತಿಯ ಮೇಲೇ ಅದರ ಕೊರತೆ ಬರೆದ ಆ ಪರಿಶೀಲಕರ ಬಗ್ಗೆ ನನಗೆ ತುಂಬಾ ಗೌರವ. ಕೊರತೆ ತುಂಬುವ ಕಡತಗಳು ಬಂದಿದ್ದು 2000ದ ಮೇನಲ್ಲಿ. ಆಮೇಲೆ ಇಡೀ ಗುಂಪನ್ನು ಹೊಸದಾಗಿ ಓದಿ, ತಿದ್ದಿ, 2006ರ ಜೂನ್‌ನಲ್ಲಿ 4510ರಿಂದ 4519ರವರೆಗೆ ಹತ್ತು ಕಡತಗಳಾಗಿ ಹೊರತಂದರು. ಇವತ್ತಿಗೂ ನಾವು ಬಳಸುವುದು ಅದೇ ಹತ್ತು.

ಆ ತಿದ್ದುಪಡಿ ಸುಮ್ನೆ ಕಾಗದದ ಕೆಲಸ ಆಗಿರಲಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ರಜೆ ಹಾಕಲು ಒಂದು ಆಪ್ ಇತ್ತು. ಒಂದು ದಿನ ಒಬ್ಬ ಹುಡುಗ ಓಡಿ ಬಂದ. ‘ಸಾರ್, ಪಾಸ್‌ವರ್ಡ್ ಖಾಲಿ ಬಿಟ್ಟು ಎಂಟರ್ ಒತ್ತಿದೆ, ಮ್ಯಾನೇಜರ್ ಅಕೌಂಟ್ ಓಪನ್ ಆಯ್ತು’ ಅಂದ. ಕೈಕಾಲು ತಣ್ಣಗಾಯಿತು. ಹುಡುಕಿದರೆ, ಸರ್ವರ್ ನಿಯಮ ಮುರಿದಿರಲಿಲ್ಲ. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೆ ‘ಇವರು ಗುರುತು ಹೇಳದೆ ಬಂದವರು’ ಅಂದುಕೊಂಡು ಸರ್ವರ್ ಒಪ್ಪಿಗೆ ಕೊಡುವ ಪದ್ಧತಿ ಮೊದಲಿನಿಂದ ಇದೆ. ಆ ಒಪ್ಪಿಗೆಯನ್ನು ಆಪ್ ‘ಪಾಸ್‌ವರ್ಡ್ ಸರಿ ಇದೆ’ ಅಂತ ತಿಳಿದುಕೊಂಡಿತ್ತು.

2006ರ ಆರ್‌ಎಫ್‌ಸಿ 4513 ಇದನ್ನು ಬಿಡಿಸಿ ಹೇಳುತ್ತದೆ. ಖಾಲಿ ಪಾಸ್‌ವರ್ಡನ್ನು ಕ್ಲೈಂಟ್, ಅಂದರೆ ಸರ್ವರನ್ನು ಕೇಳುವ ಆಪ್, ತೆಗೆದುಕೊಳ್ಳಬಾರದು, ಸರ್ವರ್ ಕೂಡ ತಾನಾಗಿ ಇಂಥ ಕೋರಿಕೆಯನ್ನು ತಿರಸ್ಕರಿಸಬೇಕು ಅನ್ನುತ್ತದೆ. ಆದರೆ ಅಲ್ಲಿರುವ ಪದ ‘ಶುಡ್’, ‘ಮಸ್ಟ್’ ಅಲ್ಲ. ಸ್ಟ್ಯಾಂಡರ್ಡ್ ಬರೆಯುವವರಿಗೆ ಇವೆರಡಕ್ಕೂ ಅಜಗಜಾಂತರ. ಮಸ್ಟ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಮಾಡಬೇಕು, ಗಟ್ಟಿ ಕಾರಣ ಇದ್ದರೆ ಬಿಡಬಹುದು. ಕನ್ನಡದಲ್ಲಿ ಆ ವ್ಯತ್ಯಾಸ ಒಂದು ‘ಲೇ’ಯಲ್ಲಿ ಅಡಗಿದೆ, ಅಲ್ವಾ? ನನ್ನ ಮಟ್ಟಿಗೆ ಅಲ್ಲಿ ಆ ‘ಲೇ’ ಇರಬೇಕಿತ್ತು. ಆವತ್ತು ಆ ಕರಡನ್ನು ಓದಿದವರಲ್ಲಿ, ನಾನು ಆ ಹುಡುಗನ ಮುಖ ನೋಡಿದ ಹಾಗೆ ಯಾರದ್ದಾದರೂ ಮುಖ ನೋಡಿದ್ದ ಒಬ್ಬ ಅಡ್ಮಿನ್ ಜಾಸ್ತಿ ಇದ್ದಿದ್ದರೆ ಬರುತ್ತಿತ್ತೇನೋ.

ಈಗ ಜ಼ರೀನಾ ವಿಷಯ. ಹತ್ತು ಕಡತಗಳಲ್ಲಿ 4518 ಅನ್ನುವುದು ಹೆಸರುಗಳನ್ನು ಹೋಲಿಸುವ ಮೊದಲು ಅಕ್ಷರಗಳನ್ನು ಹೇಗೆ ಹದ ಮಾಡಬೇಕು ಅಂತ ಹೇಳುತ್ತದೆ. ಸಣ್ಣ ಕಡತ. ಆದರೆ ಕನ್ನಡದವರಿಗೆ ಇದಕ್ಕಿಂತ ಮುಖ್ಯವಾದದ್ದು ಆ ಹತ್ತರಲ್ಲಿ ಇನ್ನೊಂದಿಲ್ಲ.

ಮೊದಲು ಒಳ್ಳೆಯದು ಹೇಳುತ್ತೇನೆ. ‘ಗೋಪಾಲ’ದ ಓ ಗುಣಿತವನ್ನು ಕಂಪ್ಯೂಟರಿನಲ್ಲಿ ಒಂದೇ ಕೋಡಾಗಿ ಇಡಬಹುದು, ಮೂರು ತುಂಡು ಮಾಡಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. 4518ರ ಪ್ರಕಾರ ಹೋಲಿಸುವಾಗ ತುಂಡುಗಳು ಸೇರಿ ಒಂದಾಗುತ್ತವೆ. ಇನ್ನೊಂದು, ‘ರಾಜ್‌ಕುಮಾರ್’ ಅಂತ ಬರೆಯುವಾಗ ಜ್ ಮತ್ತು ಕು ಒತ್ತಕ್ಷರವಾಗದೆ ಬಿಡಿಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಕೋಡ್ ಹಾಕುತ್ತೇವೆ, ಝೀರೋ ವಿಡ್ತ್ ನಾನ್ ಜಾಯ್ನರ್. ಕೆಲವರ ಕೀಬೋರ್ಡಿನಲ್ಲಿ ಅದು ಬರುತ್ತದೆ, ಕೆಲವರು ಹಾಕದೆ ‘ರಾಜ್ಕುಮಾರ್’ ಅಂತ ಬರೆಯುತ್ತಾರೆ. 4518 ಹೋಲಿಸುವಾಗ ಆ ಕಾಣದ ಕೋಡನ್ನು ತೆಗೆದುಹಾಕುತ್ತದೆ. ಹೇಗೆ ಬರೆದು ಹುಡುಕಿದರೂ ಆ ಮನುಷ್ಯ ಸಿಗುತ್ತಾನೆ. ಎಷ್ಟು ಚೆನ್ನಾಗಿದೆ!

ತೊಂದರೆ ಇರುವುದು ಪಟ್ಟಿಯಲ್ಲಿ. 4518 ನಿಂತಿರುವುದು 2002ರ ಸ್ಟ್ರಿಂಗ್‌ಪ್ರೆಪ್ ಅನ್ನುವ ಕಡತದ ಮೇಲೆ. ಯಾವ ಅಕ್ಷರ ಸರಿ, ಯಾವುದು ನಿಷಿದ್ಧ ಅನ್ನುವ ಅದರ ಪಟ್ಟಿಗಳು ಯೂನಿಕೋಡ್ 3.2ಕ್ಕೆ ಕಟ್ಟಿಹಾಕಿದಂಥವು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಕೋಡ್ ಕೊಡುವ ವ್ಯವಸ್ಥೆಯೇ ಯೂನಿಕೋಡ್, 3.2 ಅದರ ಒಂದು ಆವೃತ್ತಿ. ಆ ಆವೃತ್ತಿಯಲ್ಲಿ ಇಲ್ಲದ ಅಕ್ಷರ ಬಂದರೆ ನಿಷಿದ್ಧ. ಕನ್ನಡದ ನುಕ್ತ ಮತ್ತು ಅವಗ್ರಹ (ಽ) ಯೂನಿಕೋಡಿಗೆ ಸೇರಿದ್ದು 4.0ರಲ್ಲಿ, 2003ಕ್ಕೆ. ಅಂದರೆ 4518 ಪ್ರಕಟವಾಗುವ ಮೂರು ವರ್ಷ ಮೊದಲೇ ನುಕ್ತ ಹುಟ್ಟಿತ್ತು. ಆದರೂ ಹೊರಗೇ ಉಳಿಯಿತು. ಎಷ್ಟೋ ಸರ್ವರುಗಳು ಈ ನಿಯಮವನ್ನು ಅಷ್ಟು ಬಿಗಿಯಾಗಿ ಹಿಡಿಯದೆ ಹೆಸರನ್ನು ಹುಡುಕಿ ಕೊಟ್ಟುಬಿಡಬಹುದು. ಆದರೆ ಒಂದು ಸರ್ವರ್ ಕೊಟ್ಟು, ಇನ್ನೊಂದು ಕೊಡದಿದ್ದರೆ, ನಿಯಮ ಪಾಲಿಸಿದ್ದು ಕೊಡದ ಸರ್ವರ್ರೇ. ಇದು ನನಗೆ ಸಹಿಸಲಾಗದ ಮಾತು.

ಹಳೆಯದನ್ನು ಕೆದಕಬೇಡಿ, ಎಲ್‌ಡ್ಯಾಪ್ ಗಟ್ಟಿಯಾಗಿ ನಿಂತಿರುವುದೇ ಬದಲಾಗದೆ ಇದ್ದುದರಿಂದ ಅಂತ ಗೆಳೆಯರು ಹೇಳುತ್ತಾರೆ. ಮುಖ್ಯ ಪ್ರೊಟೊಕಾಲ್, ಅಂದರೆ ಮಾತುಕತೆಯ ನಿಯಮ, ಇರುವ 4511ರ ಮಟ್ಟಿಗೆ ಆ ಮಾತು ಒಪ್ಪುತ್ತೇನೆ. ಅದನ್ನು ಮುಟ್ಟುವುದು ಬೇಡ. ಆದರೆ 4518ನ್ನು ತೆರೆಯಲೇಬೇಕು.

ತೆರೆದರೆ ಸಾಲದು, ಕನ್ನಡ ಬಲ್ಲವರು ಅಲ್ಲಿ ಕೂತು ಓದಬೇಕು. ಯಾಕೆ ಹೇಳುತ್ತೇನೆ ಕೇಳಿ. ಸ್ಟ್ರಿಂಗ್‌ಪ್ರೆಪ್ ಜಾಗಕ್ಕೆ ಐಇಟಿಎಫ್‌ನವರೇ ಪ್ರೆಸಿಸ್ ಅನ್ನುವ ಹೊಸ ಪದ್ಧತಿ ತಂದಿದ್ದಾರೆ. ಅದರ ಈಗಿನ ಕಡತ 2017ರ ಆರ್‌ಎಫ್‌ಸಿ 8264. ಅದು ಯಾವುದೋ ಒಂದು ಯೂನಿಕೋಡ್ ಆವೃತ್ತಿಗೆ ಕಟ್ಟಿಕೊಂಡಿಲ್ಲ, ನುಕ್ತಕ್ಕೆ ಜಾಗ ಇದೆ. ಹಾಗಾದರೆ ಅದನ್ನೇ ತಂದು ಕೂರಿಸಿದರಾಯಿತು ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಪ್ರೆಸಿಸ್ ಆ ಕಾಣದ ಕೋಡನ್ನು ತೆಗೆದುಹಾಕುವುದಿಲ್ಲ. ಹಲಂತ ಚಿಹ್ನೆಯ ನಂತರ ಬಂದರೆ ಅದನ್ನು ನಿಜವಾದ ಅಕ್ಷರ ಅಂತ ಒಪ್ಪಿ ಹಾಗೇ ಉಳಿಸಿಕೊಳ್ಳುತ್ತದೆ. ಆಗ ‘ರಾಜ್‌ಕುಮಾರ್’ ಬೇರೆ, ‘ರಾಜ್ಕುಮಾರ್’ ಬೇರೆ. ಜ಼ರೀನಾ ಸಿಗುತ್ತಾಳೆ, ರಾಜ್‌ಕುಮಾರ್ ಕಳೆದುಹೋಗುತ್ತಾನೆ. ಕನ್ನಡ ಟೈಪ್ ಮಾಡಿ ಗೊತ್ತಿಲ್ಲದವರಿಗೆ ಇದು ಹೊಳೆಯುವುದೇ ಇಲ್ಲ. ಅವರ ತಪ್ಪಲ್ಲ.

ಐಇಟಿಎಫ್‌ನ ಈ ಕೆಲಸದಲ್ಲಿ ಮೇಲ್ ಮೂಲಕ ಸೇರಿಕೊಳ್ಳಲು ಸದಸ್ಯತ್ವ ಬೇಡ, ದುಡ್ಡು ಬೇಡ, ಡಿಗ್ರಿ ಕೇಳುವುದಿಲ್ಲ. ಯಾರು ಬೇಕಾದರೂ ಕರಡು ಬರೆದು ಸಲ್ಲಿಸಬಹುದು. ಆರು ತಿಂಗಳಲ್ಲಿ ಅದರ ಅವಧಿ ಮುಗಿಯುತ್ತದೆ, ತಿದ್ದಿ ಮತ್ತೆ ಹಾಕಬಹುದು. ಪ್ರಕಟವಾದ ಕಡತದಲ್ಲಿ ತಪ್ಪು ಕಂಡರೆ ಯಾರಾದರೂ ತಿಳಿಸಬಹುದು.

ನಾನು ಶುರು ಮಾಡಿದ್ದೇನೆ. ನುಕ್ತ, ಅವಗ್ರಹ, ತುಂಡಾದ ಗುಣಿತ, ಕಾಣದ ಕೋಡ್ ಇರುವ ನಲವತ್ತು ಕನ್ನಡ ಹೆಸರುಗಳ ಪಟ್ಟಿ ಮಾಡಿಕೊಂಡಿದ್ದೇನೆ. ನಿಮ್ಮ ಹತ್ತಿರ ಟೆಸ್ಟ್ ಸರ್ವರ್ ಇದ್ದರೆ, ಯಾವುದೇ ಕಂಪನಿಯದಿರಲಿ, ಮೆಸೇಜ್ ಮಾಡಿ, ಪಟ್ಟಿ ಕಳಿಸುತ್ತೇನೆ. ಯಾವ ಹೆಸರು ಸಿಕ್ಕಿತು, ಯಾವುದು ಸಿಗಲಿಲ್ಲ ಅಂತ ಬರೆದು ಕಳಿಸಿದರೆ ಸಾಕು. ಕರಡು ಬರೆಯಲು ಕೂರುವಾಗ ಅದು ನನ್ನ ಮುಂದೆ ಇರಬೇಕು.