ಪಾರ್ಶ್ವವಾಯು ಸಂಶೋಧನೆ: ಗಂಟೆಗಳಲ್ಲಿ ಗೆದ್ದದ್ದು, ತಿಂಗಳುಗಳಲ್ಲಿ ಹಿಂದೆ ಬಿದ್ದದ್ದು

ಪಾರ್ಶ್ವವಾಯುವಿನ ಕುರಿತ ಹೆಚ್ಚಿನ ಬರಹಗಳು ‘ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ’ ಎಂಬಲ್ಲಿಗೆ ಮುಗಿದುಬಿಡುತ್ತವೆ. ಆ ಮಾತು ಸರಿಯೇ. ಮೆದುಳಿನ ದೊಡ್ಡ ರಕ್ತನಾಳವೊಂದು ಹೆಪ್ಪಿನಿಂದ ಮುಚ್ಚಿಕೊಂಡಾಗ, ಚಿಕಿತ್ಸೆ ಸಿಗದಿದ್ದರೆ, ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ನರವಿಜ್ಞಾನಿ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದ್ದರು. ಆದರೂ ಈ ಕ್ಷೇತ್ರದ ಕಳೆದ ಮೂರು ದಶಕಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಕಂಡದ್ದು ಇಷ್ಟು: ಯಾವ ರೋಗಿಯ ಮೆದುಳಿನಲ್ಲಿ ಉಳಿಸಿಕೊಳ್ಳುವಂಥದ್ದು ಇನ್ನೂ ಏನಿದೆ ಎಂದು ನೋಡಲು ಕಲಿತ ಮೇಲೆಯೇ ಚಿಕಿತ್ಸೆ ದೊಡ್ಡ ಹೆಜ್ಜೆ ಇಟ್ಟಿದೆ. ಚೇತರಿಕೆಯ ಸಂಶೋಧನೆಗೆ ಆ ಕಲಿಕೆ ಇನ್ನೂ ಪೂರ್ತಿ ದಾಟಿಲ್ಲ ಎಂಬುದೇ ನನ್ನ ತಕರಾರು.

ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಔಷಧವನ್ನು ಮೂರು ಗಂಟೆಗಳ ಒಳಗೆ ಕೊಟ್ಟರೆ ಅಂಗವೈಕಲ್ಯ ಕಡಿಮೆಯಾಗುತ್ತದೆ ಎಂದು 1995ರ ಅಮೆರಿಕದ ಪ್ರಯೋಗ ತೋರಿಸಿತು. ಅದರಲ್ಲಿ ಲಾಭದ ಜೊತೆಗೆ ಅಪಾಯವೂ ಅಷ್ಟೇ ಸ್ಪಷ್ಟವಾಗಿ ದಾಖಲಾಗಿತ್ತು: ರೋಗಲಕ್ಷಣ ಉಲ್ಬಣಿಸುವಂಥ ಮೆದುಳಿನ ರಕ್ತಸ್ರಾವ ಔಷಧ ಪಡೆದವರಲ್ಲಿ ಶೇ 6.4ರಷ್ಟಿದ್ದರೆ, ಪಡೆಯದವರಲ್ಲಿ ಶೇ 0.6ರಷ್ಟಿತ್ತು. ರಕ್ತಸ್ರಾವದಿಂದಲೇ ಆದ ಪಾರ್ಶ್ವವಾಯುವಿಗೆ ಇದೇ ಔಷಧ ಕೊಟ್ಟರೆ ಪ್ರಾಣಕ್ಕೇ ಕುತ್ತು ಬರುವುದರಿಂದ, ಮೊದಲು ಸ್ಕ್ಯಾನ್ ಆಗಲೇಬೇಕು. 2008ರ ಯುರೋಪಿನ ಪ್ರಯೋಗವೊಂದು ಈ ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು.

ನಿಜವಾದ ಪಾಠ ಸಿಕ್ಕಿದ್ದು 2013ರಲ್ಲಿ, ಅದೂ ಸೋಲಿನ ರೂಪದಲ್ಲಿ. ತೊಡೆಯ ಸಂದಿನ ಅಪಧಮನಿಯಿಂದ ಸಣ್ಣ ಕೊಳವೆಯನ್ನು ಮೆದುಳಿನವರೆಗೆ ತೂರಿಸಿ ಹೆಪ್ಪನ್ನು ಹೊರತೆಗೆಯುವ ಅಥವಾ ಅಲ್ಲೇ ಕರಗಿಸುವ ವಿಧಾನದಿಂದ ಹೆಚ್ಚುವರಿ ಪ್ರಯೋಜನವಿಲ್ಲ ಎಂದು ಆ ವರ್ಷ ಮೂರು ಪ್ರಯೋಗಗಳು ವರದಿ ಮಾಡಿದವು. ಅಲ್ಲಿಗೇ ಈ ವಿಧಾನದ ಕಥೆ ಮುಗಿಯಬಹುದಿತ್ತು. ಆದರೆ ಸೋಲಿಗೆ ಕಾರಣ ಹುಡುಕಿದವರಿಗೆ ಹಳೆಯ ಉಪಕರಣಗಳು ಕಂಡವು, ತಡವಾಗಿ ಶುರುವಾದ ಚಿಕಿತ್ಸೆ ಕಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ರಕ್ತನಾಳ ನಿಜಕ್ಕೂ ಮುಚ್ಚಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಸೇರಿಸಿಕೊಂಡ ರೋಗಿಗಳು ಕಂಡರು. ತೆಗೆಯಲು ಹೆಪ್ಪೇ ಇಲ್ಲದವರಿಗೆ ಹೆಪ್ಪು ತೆಗೆಯುವ ಚಿಕಿತ್ಸೆಯಿಂದ ಏನು ಉಪಯೋಗ? ಮುಂದಿನ ಪ್ರಯೋಗಗಳಲ್ಲಿ ಮೊದಲು ರಕ್ತನಾಳದ ಚಿತ್ರ ತೆಗೆದು ಆಮೇಲೆ ರೋಗಿಗಳನ್ನು ಆರಿಸಿದರು. ಉಪಕರಣವೂ ಬದಲಾಗಿತ್ತು: ಹೆಪ್ಪಿನ ನಡುವೆ ಅರಳಿಕೊಳ್ಳುವ ತಂತಿಬಲೆಯ ಪುಟ್ಟ ಕೊಳವೆ, ಹೆಪ್ಪು ಅದರ ಕಣ್ಣುಗಳಲ್ಲಿ ಸಿಕ್ಕಿಕೊಳ್ಳಲೆಂದು ಕೆಲವು ನಿಮಿಷಗಳ ಕಾಯುವಿಕೆ, ಬಳಿಕ ನಿಧಾನವಾಗಿ ಹಿಂದಕ್ಕೆ ಎಳೆಯುವುದು. 2015ರಲ್ಲಿ ಐದು ಪ್ರಯೋಗಗಳು ಒಂದರ ಹಿಂದೆ ಒಂದರಂತೆ ಯಶಸ್ಸು ಕಂಡವು. ಅವುಗಳಲ್ಲಿ ಮೊದಲನೆಯದಾದ ನೆದರ್ಲೆಂಡ್ಸ್‌ನ ‘ಎಂಆರ್ ಕ್ಲೀನ್’ನಲ್ಲಿ, 90 ದಿನಗಳ ನಂತರ ಇನ್ನೊಬ್ಬರ ಹಂಗಿಲ್ಲದೆ ಬದುಕುತ್ತಿದ್ದವರ ಪ್ರಮಾಣ ಶೇ 19.1ರಿಂದ ಶೇ 32.6ಕ್ಕೆ ಏರಿತ್ತು.

2018ರ ಹೊತ್ತಿಗೆ ಗಡಿಯಾರದ ಹಿಡಿತವೂ ಸಡಿಲವಾಯಿತು. ರಕ್ತ ಸಿಗದೆ ಸತ್ತುಹೋದ ಭಾಗ ಚಿಕ್ಕದಾಗಿದ್ದು, ಅದರ ಸುತ್ತ ಸ್ತಬ್ಧವಾಗಿದ್ದರೂ ಇನ್ನೂ ಜೀವಂತವಾಗಿರುವ ಭಾಗ ದೊಡ್ಡದಾಗಿದ್ದರೆ, 24 ಗಂಟೆಗಳವರೆಗೂ ಹೆಪ್ಪು ತೆಗೆಯುವುದರಿಂದ ಪ್ರಯೋಜನವಿದೆ ಎಂದು ‘ಡಾನ್’ ಪ್ರಯೋಗ ತೋರಿಸಿತು. ಅಲ್ಲಿ ಸ್ವತಂತ್ರವಾಗಿ ಬದುಕುವಂತಾದವರು ಶೇ 49; ಹೆಪ್ಪು ತೆಗೆಯದವರಲ್ಲಿ ಆ ಪ್ರಮಾಣ ಶೇ 13 ಮಾತ್ರ. ನಿದ್ದೆಯಲ್ಲೇ ಪಾರ್ಶ್ವವಾಯು ಬಡಿದು, ಯಾವಾಗ ಶುರುವಾಯಿತೆಂದು ಹೇಳಲಾಗದವರನ್ನೂ ಎಂಆರ್‌ಐ ನೋಡಿ ಚಿಕಿತ್ಸೆಗೆ ಆರಿಸಬಹುದೆಂಬುದು ಅದೇ ವರ್ಷ ಖಚಿತವಾಯಿತು. (ಇದನ್ನು ಓದಿ ‘ಹಾಗಾದರೆ ಬೆಳಗಾಗಲಿ, ನೋಡೋಣ’ ಎನ್ನುವವರಿಗೆ ಒಂದು ಮಾತು: ತಡವಾಗಿಯೂ ಉಳಿಯುವ ಮೆದುಳು ಯಾರದೆಂಬುದು ಸ್ಕ್ಯಾನ್ ಮಾಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ.)

ಇನ್ನು ಚೇತರಿಕೆಯ ವಿಷಯ. ಚಿಕಿತ್ಸೆಯ ಬಳಿಕವೂ ಸ್ವಾಧೀನ ಕಳೆದುಕೊಂಡ ಕೈಯೊಂದಿಗೆ, ತೊದಲುವ ಮಾತಿನೊಂದಿಗೆ ಮನೆಗೆ ಬರುವವರು ಬಹಳ. ಅವರಿಗೆ ಯಾವ ವ್ಯಾಯಾಮ, ಯಾವಾಗ, ಎಷ್ಟು ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ತೀರ ತೆಳುವಾಗಿವೆ. ಬೇಗ ಎಬ್ಬಿಸಿ ಓಡಾಡಿಸಿದಷ್ಟೂ ಒಳ್ಳೆಯದು ಎಂಬುದು ಯಾರಿಗಾದರೂ ಸಹಜವೆನಿಸುತ್ತದೆ. 2,104 ರೋಗಿಗಳ ‘ಅವರ್ಟ್’ ಪ್ರಯೋಗ 2015ರಲ್ಲಿ ಹೇಳಿದ್ದು ಬೇರೆಯೇ: ಮೊದಲ 24 ಗಂಟೆಗಳ ಒಳಗೇ ಹೆಚ್ಚು ಹೊತ್ತು, ಹೆಚ್ಚು ಸಲ ಎಬ್ಬಿಸಿದವರಲ್ಲಿ ಒಳ್ಳೆಯ ಫಲಿತಾಂಶ ಶೇ 46, ಎಂದಿನ ಆರೈಕೆ ಪಡೆದವರಲ್ಲಿ ಶೇ 50. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಮಾತ್ರೆಯದೂ ಹೆಚ್ಚುಕಡಿಮೆ ಇದೇ ಕಥೆ. 118 ಜನರ ಸಣ್ಣ ಪ್ರಯೋಗ 2011ರಲ್ಲಿ ಹುಟ್ಟಿಸಿದ ಭರವಸೆ, ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ‘ಫೋಕಸ್’ ಪ್ರಯೋಗದಲ್ಲಿ ನಿಲ್ಲಲಿಲ್ಲ; ಮೇಲಾಗಿ ಮೂಳೆ ಮುರಿತ ಹೆಚ್ಚಾದದ್ದೂ ಕಂಡಿತು.

ಅಭ್ಯಾಸದ ಪ್ರಮಾಣದ ವಿಷಯದಲ್ಲಂತೂ ಗೊಂದಲ ಇನ್ನೂ ಆಳವಾಗಿದೆ. ಅಮೆರಿಕದ ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಫಿಸಿಯೋಥೆರಪಿ ನಡೆಯುವ ಕಡೆ ಕುಳಿತು ಎಣಿಸಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಲೋಟ ಎತ್ತುವಂಥ ದಿನಬಳಕೆಯ ಕೈಕೆಲಸಗಳ ಅಭ್ಯಾಸ ಒಂದು ಅವಧಿಯಲ್ಲಿ ಸರಾಸರಿ 32 ಸಲ ನಡೆಯುತ್ತಿತ್ತು. ಪ್ರಾಣಿಗಳ ಮೆದುಳು ಹೊಸ ಜೋಡಣೆ ಮಾಡಿಕೊಳ್ಳುವುದನ್ನು ಕಂಡ ಪ್ರಯೋಗಗಳಲ್ಲಿ ಅದು ನೂರಾರು ಸಲ. ಹಾಗಿದ್ದರೆ ಹೆಚ್ಚಿಸಿದರೆ ಸಾಕಲ್ಲ ಎನ್ನಬಹುದು. ಅದೇ ತಂಡ ಪಾರ್ಶ್ವವಾಯುವಾಗಿ ಆರು ತಿಂಗಳು ದಾಟಿದವರಿಂದ ಒಟ್ಟು 3,200, 6,400, 9,600 ಪುನರಾವರ್ತನೆಗಳನ್ನು ಮಾಡಿಸಿ ಹೋಲಿಸಿದಾಗ, ಪ್ರಮಾಣ ಹೆಚ್ಚಿದಂತೆ ಲಾಭ ಹೆಚ್ಚಲಿಲ್ಲ. ಇನ್ನೊಂದೆಡೆ, 72 ಜನರ ಒಂದು ಪ್ರಯೋಗದಲ್ಲಿ (2021) 20 ಗಂಟೆಗಳ ಹೆಚ್ಚುವರಿ ಅಭ್ಯಾಸ ಅತಿ ಹೆಚ್ಚು ಫಲ ಕೊಟ್ಟದ್ದು ಪಾರ್ಶ್ವವಾಯುವಾದ ಎರಡು ಮೂರು ತಿಂಗಳ ಆಸುಪಾಸಿನಲ್ಲಿ ಅದನ್ನು ಪಡೆದವರಿಗೆ. ಎಷ್ಟು ಎಂಬುದಕ್ಕಿಂತ ಯಾವಾಗ, ಯಾರಿಗೆ ಎಂಬುದೇ ಮುಖ್ಯವಿರಬಹುದು ಎಂಬ ಸುಳಿವು ಇಲ್ಲಿದೆ. ಆದರೆ 72 ಜನರ ಮೇಲೆ ನಿಂತ ಸುಳಿವು ಸುಳಿವೇ ಹೊರತು ಚಿಕಿತ್ಸೆಯ ನಿಯಮವಲ್ಲ.

ಆದುದರಿಂದ ‘ಆರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ’ ಎಂದು ರೋಗಿಯ ಮನೆಯವರಿಗೆ ಕಡ್ಡಿ ಮುರಿದಂತೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಮೆದುಳಿನಿಂದ ಕುತ್ತಿಗೆಯ ಮೂಲಕ ಕೆಳಗಿಳಿಯುವ ವೇಗಸ್ ನರದ ಪ್ರಚೋದನೆಯ ಪ್ರಯೋಗದಲ್ಲಿ ಇದ್ದವರು ಪಾರ್ಶ್ವವಾಯುವಾಗಿ ಒಂಬತ್ತು ತಿಂಗಳಿಂದ ಹತ್ತು ವರ್ಷ ಕಳೆದ 108 ಜನ. ಎದೆಯ ಮೇಲ್ಭಾಗದ ಚರ್ಮದಡಿ ಕೂರಿಸಿದ ಸಾಧನದಿಂದ ಕುತ್ತಿಗೆಯ ಎಡಭಾಗದ ಆ ನರಕ್ಕೆ ತಂತಿ. ರೋಗಿ ಕೈ ಚಾಚುವಾಗ ಚಿಕಿತ್ಸಕರು ಗುಂಡಿ ಒತ್ತುತ್ತಾರೆ, ಅರ್ಧ ಸೆಕೆಂಡಿನ ವಿದ್ಯುತ್ ಮಿಡಿತ ನರವನ್ನು ತಲುಪುತ್ತದೆ. ಸಾಧನ ಎಲ್ಲರಿಗೂ ಕೂರಿಸಿದ್ದರೂ, ನಿಜವಾದ ಪ್ರಚೋದನೆ ಪಡೆದವರಲ್ಲಿ ಶೇ 47 ಜನರಿಗೆ, ಹುಸಿ ಪ್ರಚೋದನೆಯವರಲ್ಲಿ ಶೇ 24 ಜನರಿಗೆ ಗಮನಾರ್ಹ ಸುಧಾರಣೆ ಆಯಿತು. ಹುಸಿ ಗುಂಪಿನ ಆ ಶೇ 24 ನನಗೆ ಇನ್ನೂ ಕುತೂಹಲಕರ, ಏಕೆಂದರೆ ಅವರಿಗೆ ಸಿಕ್ಕ ಚಿಕಿತ್ಸೆ ಶ್ರದ್ಧೆಯಿಂದ ಮಾಡಿಸಿದ ವ್ಯಾಯಾಮವೇ.

ಇಂಥ ವ್ಯಾಯಾಮಕ್ಕೆ ಪೇಟೆಂಟ್ ಇಲ್ಲ. ಅದರ ಪ್ರಮಾಣ ಮತ್ತು ಕಾಲವನ್ನು ಸಾವಿರಾರು ರೋಗಿಗಳಲ್ಲಿ ಪರೀಕ್ಷಿಸಲು ಹಣ ಹೂಡುವ ಕಂಪನಿಯೂ ಸಿಗಲಾರದು. ಪರೀಕ್ಷೆಯಾಗದೆ ಉಳಿದ ಆ ಜಾಗದಲ್ಲೇ ಆಧಾರವಿಲ್ಲದ ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯವರು ಅಂಗಡಿ ತೆರೆಯುತ್ತಾರೆ. ರೋಗಿಗಳ ಸಂಘಟನೆಗಳೂ ಸಾರ್ವಜನಿಕ ಹಣ ಹಂಚುವ ಸಂಸ್ಥೆಗಳೂ ಮೊದಲು ಕೇಳಬೇಕಾದದ್ದು ಹೊಸ ಔಷಧವನ್ನಲ್ಲ, ಎರಡು ಮೂರು ತಿಂಗಳ ಆ ಸುಳಿವನ್ನು ಖಚಿತಪಡಿಸುವ ಅಥವಾ ಅಳಿಸಿಹಾಕುವ ದೊಡ್ಡ ಪ್ರಯೋಗವನ್ನು.